ಉತಾರದ ಯಾದಿಯೂ ನೂರು ಗಣಕಯಂತ್ರಗಳೂ

ಖಾನಾಪುರದಿಂದ ಬೆಳಗಾವಿಗೆ ದಿನವೂ ರೈಲಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲಿ ಕೆಲವರಿದ್ದಾರೆ. ಅವರಲ್ಲೊಬ್ಬನು ಒಂದು ದಿನ ಪಾಠ ಮುಗಿದ ಬಳಿಕ ತಮ್ಮ ಮನೆಯ ಹೊಲದ ಉತಾರವನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಸರ, ನಮ್ಮಜ್ಜ ತೀರಿಕೊಂಡ ಮ್ಯಾಲೆ ವಾರಸಾ ಆತ್ರಿ. ನಮ್ಮಪ್ಪ, ಕಾಕಾ, ಇಬ್ಬರು ಅತ್ತೇರು, ಎಲ್ಲಾರ ಹೆಸರೂ ಇದರಾಗ ಬಂದಾವು. ಯಂತ್ರದೊಳಗ ಈ ಯಾದಿ ಎಲ್ಲಿ ಇರತೈತ್ರಿ? ನಾಳೆ ಒಂದು ಹೆಸರು ಜಾರಿ ಬಿದ್ರ ಯಾರಿಗೆ ಗೊತ್ತಾಗತೈತ್ರಿ?" ಎಂದು ಕೇಳಿದನು. ಪ್ರಶ್ನೆಯು ಮೇಲುನೋಟಕ್ಕೆ ಸಣ್ಣದು. ಆದರೆ ಅದಕ್ಕೆ ಸರಿಯಾದ ಉತ್ತರವನ್ನು ಹುಡುಕಿಕೊಳ್ಳುವುದಕ್ಕೆ ಜಗತ್ತಿನ ದೊಡ್ಡ ದೊಡ್ಡ ಗಣಕ ಸಂಸ್ಥೆಗಳಿಗೆ ಹಲವು ವರ್ಷಗಳೇ ಬೇಕಾದುವು. ಅಂದು ಅರ್ಧ ಉತ್ತರವನ್ನಷ್ಟೇ ಹೇಳಿ ಕಳುಹಿಸಿದೆವು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ಉತಾರವೆಂದರೆ ದಕ್ಷಿಣದವರು ಪಹಣಿ ಎನ್ನುವ ಪತ್ರಿಕೆಯೇ. ಒಂದು ಹೊಲವನ್ನು ಗುರುತಿಸುವುದಕ್ಕೆ ಊರಿನ ಹೆಸರು, ಸರ್ವೆ ನಂಬರು, ಹಿಸ್ಸಾ ನಂಬರು ಇವಿಷ್ಟು ಸಾಕು. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಮುಂಬಯಿ ಇಲಾಖೆಯಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಭೂಮಾಪನದಿಂದ ಈ ಸರ್ವೆ ನಂಬರಿನ ಪದ್ಧತಿಯು ನಮ್ಮ ಕಡೆಗೆ ಬಂದಿತು. ಅನಂತರ ತಲಾಠಿಗಳೂ, ಅವರ ತರುವಾಯ ಗ್ರಾಮ ಲೆಕ್ಕಿಗರೂ ಈ ವಿವರಗಳನ್ನು ವಹಿಗಳಲ್ಲಿ ಬರೆದಿಡುತ್ತಿದ್ದರು. ಇವರ ಸಂಖ್ಯೆ ರಾಜ್ಯದಲ್ಲಿ ಸುಮಾರು ೯,೦೦೦ ಇತ್ತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರವು 'ಭೂಮಿ' ಎಂಬ ಯೋಜನೆಯಿಂದ ೧೭೭ ತಾಲೂಕುಗಳ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಸುಮಾರು ೬೭ ಲಕ್ಷ ಹಿಡುವಳಿದಾರರ ಹಕ್ಕು ಇದರಲ್ಲಿ ಅಡಕವಾಗಿತ್ತು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ ೧೫ ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿಯು ಕೈಗೆ ಬರುತ್ತಿತ್ತು.

ಉತಾರದಲ್ಲಿ ಕೆಲವು ವಿವರಗಳು ಒಂಟಿಯಾದವು. ವಿಸ್ತೀರ್ಣ, ಆಕಾರ, ಮಣ್ಣಿನ ತರಹ ಇಂಥವು. ಆದರೆ ಮುಖ್ಯವಾದವು ಯಾದಿಗಳು. ೯ನೆಯ ಕಾಲಮಿನಲ್ಲಿ ಸ್ವಾಧೀನದಾರರ ಹೆಸರುಗಳ ಯಾದಿ. ೧೧ನೆಯದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳ, ಅಂದರೆ ನಮ್ಮ ರೈತರು 'ಬೋಜಾ' ಎನ್ನುವ ಸಾಲಗಳ ಯಾದಿ. ವಾರಸಾ, ವಾಟ್ನಿ, ಖರೀದಿ, ಸಾಲ, ಸಾಲದ ತೀರುವಳಿ ಇವುಗಳಿಂದ ಯಾದಿ ಬೆಳೆಯುತ್ತದೆ, ಕುಗ್ಗುತ್ತದೆ. ಅದರಲ್ಲಿ ಒಂದು ಸಾಲು ಕಳೆದುಹೋದರೆ ಒಬ್ಬರ ಹೊಲವೇ ಹೋದಂತೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಾನವಾದ ಹಕ್ಕನ್ನು ಕರ್ನಾಟಕವು ೧೯೯೪ರಲ್ಲಿಯೂ ಕೇಂದ್ರ ಸರಕಾರವು ೨೦೦೫ರಲ್ಲಿಯೂ ಕಾನೂನು ತಿದ್ದಿ ಕೊಟ್ಟ ಮೇಲೆ, ಆ ಹುಡುಗನ ಅತ್ತೆಯರ ಹೆಸರು ಯಾದಿಯಲ್ಲಿ ಉಳಿಯುವುದೆಂಬುದು ಕೇವಲ ಯಂತ್ರಶಾಸ್ತ್ರದ ಪ್ರಶ್ನೆಯಾಗಿ ಉಳಿದಿಲ್ಲ.

ಈಗ ಯಂತ್ರದ ಕಡೆಗೆ ಬರೋಣ. ಮಾಹಿತಿಯನ್ನು ಇಡುವ ಭಂಡಾರಗಳಲ್ಲಿ ಅತ್ಯಂತ ಸರಳವಾದದ್ದು ಹೀಗಿರುತ್ತದೆ: ಒಂದು ಗುರುತನ್ನು ಕೊಟ್ಟರೆ ಅದರ ಹೆಸರಿನಲ್ಲಿಟ್ಟಿದ್ದ ಗಂಟನ್ನು ಅದು ಹಿಂದಕ್ಕೆ ಕೊಡುತ್ತದೆ. ಈ ಗುರುತನ್ನು ಕೀಲಿಕೈ ಎನ್ನೋಣ. ಗಂಟಿಗೆ ಇಂಗ್ಲಿಷಿನವರು 'ವ್ಯಾಲ್ಯೂ' ಎನ್ನುತ್ತಾರೆ. ಅದನ್ನು ಬೆಲೆ ಎಂದೋ ಮೌಲ್ಯವೆಂದೋ ಭಾಷಾಂತರಿಸಿದರೆ ಅಪಾರ್ಥವಾದೀತೆಂದು ನಾವು 'ಒಡಲು' ಎಂದು ಕರೆಯುತ್ತೇವೆ. ಒಡಲಿನೊಳಗೆ ಏನಿದೆಯೆಂಬುದನ್ನು ಭಂಡಾರವು ನೋಡುವುದಿಲ್ಲ. ಇಡು, ಕೊಡು, ತೆಗೆದುಹಾಕು ಎಂಬ ಮೂರೇ ಅಪ್ಪಣೆಗಳು ಅದಕ್ಕೆ ತಿಳಿಯುವುವು. ಇಂಥ ಸರಳತೆಯಿಂದಾಗಿಯೇ ಒಂದು ಭಂಡಾರವನ್ನು ನೂರಾರು ಯಂತ್ರಗಳ ಮೇಲೆ ಹರಡಿ ಇಡುವುದು ಸಾಧ್ಯವಾಗಿದೆ. 'ಭೂಮಿ'ಯ ಭಂಡಾರವು ಈ ಜಾತಿಯದಲ್ಲ, ಕೋಷ್ಟಕಗಳ ರೂಪದ್ದು, ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಆದರೂ ಸರ್ವೆ ನಂಬರಿಗಿಂತ ಒಳ್ಳೆಯ ಕೀಲಿಕೈಯ ಉದಾಹರಣೆ ನಮ್ಮ ಓದುಗರಿಗೆ ಬೇರೊಂದು ಸಿಗಲಾರದು. ಆದುದರಿಂದ ಉತಾರವನ್ನೇ ಹಿಡಿದುಕೊಂಡು ಹೋಗೋಣ.

ಯಾವ ಕೀಲಿಕೈ ಯಾವ ಯಂತ್ರಕ್ಕೆ ಸೇರಬೇಕು? ಕೀಲಿಕೈಯನ್ನು ಒಂದು ದೊಡ್ಡ ಸಂಖ್ಯೆಯನ್ನಾಗಿ ಕಲಸಿ, ಅದನ್ನು ಯಂತ್ರಗಳ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷದ ಸಂಖ್ಯೆಯ ಯಂತ್ರಕ್ಕೆ ಕಳುಹಿಸುವುದು ಒಂದು ಉಪಾಯ. ಐದು ಯಂತ್ರಗಳಿದ್ದರೆ ಶೇಷವು ೦ಯಿಂದ ೪ರವರೆಗೆ ಬರುತ್ತದೆ. ಆದರೆ ಆರನೆಯ ಯಂತ್ರವನ್ನು ಕೊಂಡ ದಿನ ಏನಾಗುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಐದರಿಂದ ಭಾಗಿಸಿದಾಗಲೂ ಆರರಿಂದ ಭಾಗಿಸಿದಾಗಲೂ ಒಂದೇ ಶೇಷ ಉಳಿಯುವ ಸಂಖ್ಯೆಗಳು ಪ್ರತಿ ೩೦ರಲ್ಲಿ ೫ ಮಾತ್ರ. ಎಂದರೆ ಆರರಲ್ಲಿ ಐದು ಪಾಲು ಸರಕು ತನ್ನ ಮನೆಯನ್ನು ಬದಲಿಸಬೇಕು! ೧೯೯೭ರಲ್ಲಿ ಅಮೇರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಡೇವಿಡ್ ಕಾರ್ಗರ್ ಮತ್ತು ಸಂಗಡಿಗರು ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದರು. ಸಂಖ್ಯೆಗಳನ್ನೆಲ್ಲ ಗಡಿಯಾರದ ಮುಖದಂತೆ ಒಂದು ವೃತ್ತದ ಮೇಲೆ ಬರೆದು, ಯಂತ್ರಗಳನ್ನೂ ಅದೇ ವೃತ್ತದ ಮೇಲೆ ಅಲ್ಲಲ್ಲಿ ನಿಲ್ಲಿಸುವುದು. ಪ್ರತಿಯೊಂದು ಕೀಲಿಕೈಯೂ ಪ್ರದಕ್ಷಿಣವಾಗಿ ನಡೆದು ಮೊದಲು ಸಿಕ್ಕ ಯಂತ್ರವನ್ನು ಸೇರುವುದು. ಆಗ ಆರನೆಯ ಯಂತ್ರ ಬಂದರೆ ಸರಾಸರಿ ಆರರಲ್ಲಿ ಒಂದು ಪಾಲಷ್ಟೇ ಕದಲುತ್ತದೆ. ಒಂದು ಯಂತ್ರ ಕೆಟ್ಟರೆ ನಷ್ಟವಾಗದಿರಲೆಂದು ಮುಂದಿನ ಎರಡು ಯಂತ್ರಗಳಲ್ಲಿಯೂ ಪ್ರತಿಗಳನ್ನು ಇಡುತ್ತಾರೆ. ಒಟ್ಟು ಮೂರು ಪ್ರತಿಗಳು.

ಇಷ್ಟಾದ ಮೇಲೆ ಯಾದಿಯನ್ನು ಹೇಗೆ ಇಡುವುದು?

ಮೊದಲು ಹೊಳೆಯುವ ದಾರಿಯೆಂದರೆ ಇಡೀ ಯಾದಿಯನ್ನು ಒಂದೇ ಒಡಲಾಗಿ ಕಟ್ಟಿಡುವುದು. ಚಿಕ್ಕ ಯಾದಿಗೆ ಇದರಷ್ಟು ಒಳ್ಳೆಯ ದಾರಿ ಬೇರೆ ಇಲ್ಲವೆಂದೇ ನಮ್ಮ ಅಭಿಪ್ರಾಯ. ಒಂದು ಹೊಲಕ್ಕೆ ಏಳೆಂಟು ಹೆಸರುಗಳಿದ್ದರೆ ಬೇರೆ ಜಾಣತನವನ್ನು ಮಾಡಹೋಗುವುದು ವ್ಯರ್ಥ ಶ್ರಮ. ಆದರೆ ಒಂದು ತಾಲೂಕಿನ ಹಕ್ಕು ಬದಲಾವಣೆಗಳನ್ನೆಲ್ಲ ಒಂದು ಯಾದಿಯಾಗಿ ಇಡಬೇಕಾಗಿದೆಯೆಂದು ಭಾವಿಸೋಣ. ಒಂದೊಂದು ನಮೂದಿಗೆ ೧೦೦ ಬೈಟುಗಳಿರಲಿ. ಭಂಡಾರಕ್ಕೆ 'ಕೊನೆಗೆ ಸೇರಿಸು' ಎಂಬ ಅಪ್ಪಣೆ ತಿಳಿಯದಷ್ಟೆ. ಆದುದರಿಂದ ಒಂದು ನಮೂದನ್ನು ಸೇರಿಸಲು ಇಡೀ ಯಾದಿಯನ್ನು ತರಿಸಿಕೊಂಡು, ಕೊನೆಯಲ್ಲಿ ಒಂದು ಸಾಲು ಬರೆದು, ಇಡೀ ಯಾದಿಯನ್ನು ತಿರುಗಿ ಇಡಬೇಕು. ಮೊದಲನೆಯ ಸಲ ೧ ನಮೂದು, ಎರಡನೆಯ ಸಲ ೨, ಹೀಗೆ ಸಾವಿರದ ಸಲ ೧,೦೦೦. ಒಟ್ಟು ೫,೦೦,೫೦೦ ನಮೂದುಗಳನ್ನು ಬರೆದಂತಾಯಿತು. ಸುಮಾರು ೫ ಕೋಟಿ ಬೈಟುಗಳು. ನಿಜವಾದ ಯಾದಿಯ ಗಾತ್ರವಾದರೋ ೧ ಲಕ್ಷ ಬೈಟು ಮಾತ್ರ. ಮೂರು ಪ್ರತಿಗಳನ್ನು ಎಣಿಸಿದರೆ ೧೫ ಕೋಟಿ. ಕೆಳಗೆ ಬೀಳುವ ಕಲ್ಲಿನ ವೇಗ ಕಾಲದೊಡನೆ ಸಮನಾಗಿ ಏರಿದರೂ ಅದು ಕ್ರಮಿಸುವ ದೂರವು ಕಾಲದ ವರ್ಗದಂತೆ ಏರುವುದನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣದು. ಇಲ್ಲಿಯೂ ಅದೇ ತ್ರಿಕೋಣದ ಕ್ಷೇತ್ರಫಲವೇ. ಯಾದಿ ಹತ್ತು ಪಟ್ಟಾದರೆ ದುಡಿಮೆ ನೂರು ಪಟ್ಟಾಗುತ್ತದೆ.

ದುಡಿಮೆಗಿಂತಲೂ ಕೆಟ್ಟದ್ದು ಇನ್ನೊಂದಿದೆ. ೪೦ ನಮೂದುಗಳಿರುವ ಯಾದಿಯನ್ನು ಬೆಳಗಾವಿಯ ಗುಮಾಸ್ತರೊಬ್ಬರೂ ಖಾನಾಪುರದ ಗುಮಾಸ್ತರೊಬ್ಬರೂ ಒಂದೇ ಗಳಿಗೆಯಲ್ಲಿ ತರಿಸಿಕೊಂಡರೆನ್ನಿ. ಇಬ್ಬರೂ ೪೧ನೆಯ ಸಾಲನ್ನು ಬರೆಯುತ್ತಾರೆ. ಮೊದಲು ಬೆಳಗಾವಿಯವರ ಯಾದಿ ಹೋಗಿ ಕೂರುತ್ತದೆ. ಹಿಂದೆಯೇ ಖಾನಾಪುರದವರ ಯಾದಿ ಬಂದು ಅದರ ಮೇಲೆ ಕೂರುತ್ತದೆ. ಬೆಳಗಾವಿಯ ಸಾಲು ಮಾಯ. ಯಾರೂ ತಪ್ಪು ಮಾಡಿಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ, ಯಾವ ಎಚ್ಚರಿಕೆಯ ಗಂಟೆಯೂ ಬಾರಿಸಲಿಲ್ಲ. ನಮ್ಮ ವಿದ್ಯಾರ್ಥಿಯು ಹೆದರಿದ್ದು ಇದಕ್ಕೇ. ಇದನ್ನು ತಡೆಯಲು, ಪ್ರತಿ ಒಡಲಿಗೂ ಒಂದು ಆವೃತ್ತಿಯ ಸಂಖ್ಯೆಯನ್ನು ಕೊಟ್ಟು, 'ಆವೃತ್ತಿ ಇನ್ನೂ ೪೦ ಆಗಿದ್ದರೆ ಮಾತ್ರ ಬರೆ' ಎಂಬ ಷರತ್ತಿನ ಅಪ್ಪಣೆಯನ್ನು ಕೆಲವು ಭಂಡಾರಗಳಲ್ಲಿ ಸೇರಿಸಿದ್ದಾರೆ. ಷರತ್ತು ತಪ್ಪಿದವನು ಮತ್ತೆ ಮೊದಲಿನಿಂದ ಓದಿ ಬರೆಯಬೇಕು. ಬರೆಯುವವರು ಇಬ್ಬರಾದರೆ ಇದು ಸಾಕು. ಇನ್ನೂರಾದರೆ ತಿರುತಿರುಗಿ ಬರೆಯುವುದೇ ಕೆಲಸವಾಗುತ್ತದೆ.

ಹಾಗಾದರೆ ಒಂದೊಂದು ನಮೂದಿಗೂ ಒಂದೊಂದು ಕೀಲಿಕೈಯನ್ನೇ ಕೊಟ್ಟರಾಯಿತಲ್ಲವೆ? 'ಸರ್ವೆ ೪೨, ನಮೂದು ೧', 'ಸರ್ವೆ ೪೨, ನಮೂದು ೨' ಹೀಗೆ. ಬರೆಯುವಾಗ ೧೦೦ ಬೈಟು ಬರೆದರೆ ಮುಗಿಯಿತು. ಆದರೆ ಕೀಲಿಕೈಗಳನ್ನು ಕಲಸಿ ವೃತ್ತದ ಮೇಲೆ ಹರಡಿದ್ದೇವೆಂಬುದನ್ನು ಮರೆಯಬಾರದು. ಅಕ್ಕಪಕ್ಕದ ನಮೂದುಗಳು ಒಂದು ಬೆಳಗಾವಿಗೂ ಇನ್ನೊಂದು ಬೆಂಗಳೂರಿಗೂ ಹೋಗಿ ಕುಳಿತಿರುತ್ತವೆ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು. ಬೆಂಗಳೂರು ನಮ್ಮಿಂದ ಸುಮಾರು ೫೦೦ ಕಿಲೋಮೀಟರು. ಹೋಗಿ ಬರುವ ಸಾವಿರ ಕಿಲೋಮೀಟರಿಗೆ ಸೆಕೆಂಡಿನ ಸಾವಿರದ ಐದು ಭಾಗಗಳು ಬೇಕು. ಸಾವಿರ ನಮೂದುಗಳನ್ನು ಒಂದಾದ ಮೇಲೊಂದರಂತೆ ಅಲ್ಲಿಂದ ಕೇಳಿದರೆ ಬರಿಯ ಬೆಳಕಿನ ಓಡಾಟಕ್ಕೇ ೫ ಸೆಕೆಂಡು! ಇದನ್ನು ಯಾವ ಯಂತ್ರವೂ ಕಡಿಮೆ ಮಾಡಲಾರದು, ಬೆಳಕಿಗೆ ಲಂಚ ಕೊಡಲಾಗುವುದಿಲ್ಲ.

ಎಲ್ಲವನ್ನೂ ಒಮ್ಮೆಗೇ ಕೇಳಬಹುದಷ್ಟೆ ಎಂದು ಜಾಣ ಓದುಗರು ಹೇಳಿಯಾರು. ಕೇಳಬಹುದು, ಆದರೆ ಆಗ ಎಲ್ಲಕ್ಕಿಂತ ತಡವಾಗಿ ಬಂದ ಉತ್ತರಕ್ಕಾಗಿ ಕಾಯಬೇಕು. ಪ್ರತಿಯೊಂದು ಯಂತ್ರವೂ ನೂರಕ್ಕೆ ಒಂದು ಸಲ ಮಾತ್ರ ತಡಮಾಡುತ್ತದೆಂದು ಇಟ್ಟುಕೊಳ್ಳೋಣ. ನೂರು ಯಂತ್ರಗಳನ್ನು ಒಮ್ಮೆಗೆ ಕೇಳಿದಾಗ ಒಂದೂ ತಡಮಾಡದಿರುವ ಸಂಭವನೀಯತೆಯು ೦.೯೯ರ ನೂರನೆಯ ಘಾತ, ಎಂದರೆ ಸುಮಾರು ೦.೩೭. ನೂರು ಸಲ ಕೇಳಿದರೆ ಅರವತ್ತಮೂರು ಸಲ ಕಾಯುವುದು ತಪ್ಪದು. ಮದುವೆಯ ದಿಬ್ಬಣವು ಹೊರಡುವುದು ಕೊನೆಯವನು ಬಸ್ಸು ಹತ್ತಿದ ಮೇಲೆ ತಾನೆ. ಅಲ್ಲದೆ ಕೀಲಿಕೈಗೇ ೪೦ ಬೈಟುಗಳು ಹಿಡಿದರೆ, ೧೦೦ ಬೈಟಿನ ಪ್ರತಿ ನಮೂದಿನ ಬೆನ್ನಿಗೂ ಆ ಹೊರೆ ಅಂಟಿಕೊಳ್ಳುತ್ತದೆ.

ಎರಡು ತುದಿಗಳೂ ಕೆಟ್ಟವಾದಾಗ ನಡುವಿನ ದಾರಿಯನ್ನು ಹುಡುಕುವುದು ಸ್ವಾಭಾವಿಕ. ಯಾದಿಯನ್ನು ಹಾಳೆಗಳನ್ನಾಗಿ ಮುರಿಯುವುದೇ ಆ ದಾರಿ. ೧೦೦ ನಮೂದಿಗೆ ಒಂದು ಹಾಳೆ; 'ಸರ್ವೆ ೪೨, ಹಾಳೆ ೭' ಎಂಬುದು ಕೀಲಿಕೈ. ಕೊನೆಯ ಹಾಳೆ ಯಾವುದೆಂದು ಬರೆದಿಡುವ ತಲೆಹಾಳೆಯೊಂದು ಬೇರೆ. ಅದನ್ನು ನೂರು ನಮೂದಿಗೊಮ್ಮೆ ತಿದ್ದಿದರೆ ಸಾಕು. ಹಿಂದಿನ ಲೆಕ್ಕವನ್ನೇ ಮಾಡಿದರೆ, ಸಾವಿರ ನಮೂದುಗಳನ್ನು ಸೇರಿಸಲು ಈಗ ಬರೆಯಬೇಕಾದದ್ದು ೫೦,೫೦೦ ನಮೂದುಗಳು. ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಓದಲು ಹನ್ನೊಂದು ಪ್ರಶ್ನೆಗಳು ಸಾಕು. ಇತ್ತೀಚಿನ ಹತ್ತು ಬದಲಾವಣೆಗಳನ್ನಷ್ಟೇ ನೋಡಬೇಕಾದವರಿಗೆ ಸಾಮಾನ್ಯವಾಗಿ ಕೊನೆಯ ಹಾಳೆಯೊಂದೇ ಸಾಕಾಗುತ್ತದೆ.

ಹಾಳೆಯ ಗಾತ್ರವು ನೂರೇ ಏಕೆ? ಕಲನಶಾಸ್ತ್ರವನ್ನು ಕಲಿತ ಕಾಲೇಜು ವಿದ್ಯಾರ್ಥಿಗಳಿಗೆ ಇದೊಂದು ಚೆನ್ನಾದ ಅಭ್ಯಾಸ. ಒಂದು ನಮೂದನ್ನು ಬರೆಯುವ ವೆಚ್ಚ ೧ ಏಕಮಾನ, ಒಂದು ಪ್ರಶ್ನೆಯನ್ನು ಕೇಳುವ ವೆಚ್ಚ ೫೦ ಏಕಮಾನಗಳು ಎನ್ನೋಣ. ಒಂದು ಸಲ ಸೇರಿಸಿದರೆ ಒಂದು ಸಲ ಇಡೀ ಯಾದಿಯನ್ನು ಓದುತ್ತಾರೆನ್ನೋಣ. ಹಾಳೆಯಲ್ಲಿ 'ಹ' ನಮೂದುಗಳಿದ್ದರೆ, ಸೇರಿಸುವ ಸರಾಸರಿ ವೆಚ್ಚವು ಹ/೨. ಸಾವಿರ ನಮೂದಿನ ಯಾದಿಯನ್ನು ಓದಲು ಪ್ರಶ್ನೆಗಳ ವೆಚ್ಚ ೫೦,೦೦೦/ಹ. ಇವುಗಳ ಗುಣಲಬ್ಧವು ಯಾವಾಗಲೂ ಒಂದೇ ಆಗಿರುವುದರಿಂದ ಎರಡೂ ಸಮವಾದಾಗ ಮೊತ್ತವು ಕನಿಷ್ಠವಾಗುತ್ತದೆ. ಆಗ 'ಹ'ದ ವರ್ಗವು ೧,೦೦,೦೦೦. 'ಹ' ಸುಮಾರು ೩೧೬. ಬರೆಯುವುದು ಹೆಚ್ಚು, ಓದುವುದು ಕಡಿಮೆಯಾದರೆ ಹಾಳೆ ಚಿಕ್ಕದಾಗಬೇಕು, ತಿರುಗುಮುರುಗಾದರೆ ದೊಡ್ಡದಾಗಬೇಕು. ಆದುದರಿಂದ ಹಾಳೆಯ ಗಾತ್ರವನ್ನು ಕೇಳುವವನಿಗೆ ನಾವು ಹೇಳುವ ಮೊದಲ ಮಾತು, ನಿನ್ನ ಯಾದಿಯನ್ನು ಯಾರು ಎಷ್ಟು ಸಲ ಓದುತ್ತಾರೆ ಎಂಬುದಾಗಿರಬೇಕು. ಇದನ್ನು ಕೇಳದೆ ಗಾತ್ರವನ್ನು ಗೊತ್ತುಮಾಡುವವರೇ ಹೆಚ್ಚು.

ಇದಕ್ಕಿಂತ ಉತ್ತಮವಾದ ದಾರಿಯು ಭಂಡಾರವನ್ನೇ ತುಸು ಬುದ್ಧಿವಂತನನ್ನಾಗಿ ಮಾಡುವುದರಿಂದ ದೊರೆಯಿತು. ಗೂಗಲ್ ಸಂಸ್ಥೆಯವರು ೨೦೦೬ರಲ್ಲಿ ವಿವರಿಸಿದ ಬಿಗ್‌ಟೇಬಲ್ ಎಂಬ ಭಂಡಾರವು ಕೀಲಿಕೈಗಳನ್ನು ಕಲಸದೆ ಅಕಾರಾದಿಯಂತೆ ಕ್ರಮವಾಗಿಯೇ ಇಡುತ್ತದೆ. ಫೇಸ್‌ಬುಕ್ ಸಂಸ್ಥೆಯು ೨೦೦೮ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕ್ಯಾಸಾಂಡ್ರಾದಲ್ಲಿ ಕೀಲಿಕೈಗೆ ಎರಡು ಭಾಗಗಳು. ಮೊದಲ ಭಾಗವು ಯಾವ ಯಂತ್ರವೆಂಬುದನ್ನು ನಿರ್ಧರಿಸುತ್ತದೆ. ಎರಡನೆಯದು ಆ ಯಂತ್ರದೊಳಗೆ ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನು. 'ಸರ್ವೆ ೪೨' ಮೊದಲ ಭಾಗವಾಗಿ, ನಮೂದಿನ ಕಾಲವು ಎರಡನೆಯ ಭಾಗವಾದರೆ ಆ ಹೊಲದ ನಮೂದುಗಳೆಲ್ಲ ಒಂದೇ ಮನೆಯಲ್ಲಿ, ಹೆಗಲಿಗೆ ಹೆಗಲು ಹಚ್ಚಿ, ಕಾಲಕ್ರಮದಲ್ಲಿ ನಿಲ್ಲುತ್ತವೆ. ಸೇರಿಸುವಾಗ ಒಂದು ನಮೂದನ್ನಷ್ಟೇ ಬರೆಯಬೇಕು. ಓದುವಾಗ ಒಂದೇ ಪ್ರಶ್ನೆ. ನೆರೆಹೊರೆಯ ಕೀಲಿಕೈಗಳ ಮೊದಲ ಭಾಗ ಒಂದೇ ಆಗಿರುವುದರಿಂದ ಅದನ್ನು ಒಂದು ಸಲ ಬರೆದರೆ ಸಾಕು. ಸಂಖ್ಯೆಗಳೂ ಕ್ರಮದಲ್ಲಿರುವುದರಿಂದ ೧೨೦೪, ೧೨೦೭, ೧೨೧೫ ಎಂದು ಬರೆಯುವ ಬದಲು ೧೨೦೪, ೩, ೮ ಎಂದು ಅಂತರಗಳನ್ನು ಬರೆದು ಸ್ಥಳವನ್ನು ಉಳಿಸಬಹುದು.

ಆದರೆ ನಡುವೆ ನಮೂದನ್ನು ತುರುಕಬೇಕಾದರೆ ಮುಂದಿನವುಗಳನ್ನೆಲ್ಲ ಸರಿಸಬೇಡವೆ? ಇದಕ್ಕೆ ಉತ್ತರವು ಬೆಳಗಾವಿಯ ಖಡೇಬಜಾರದ ಹಳೆಯ ಅಂಗಡಿಕಾರರಿಗೆ ಗೊತ್ತಿತ್ತು. ಗಿರಾಕಿಯು ಎದುರಿಗೆ ನಿಂತಿರುವಾಗ ಯಾರೂ ದಪ್ಪ ಖತಾವಣಿಯನ್ನು ತೆಗೆದು ಅವನ ಪುಟವನ್ನು ಹುಡುಕುತ್ತ ಕೂರುವುದಿಲ್ಲ. ಬಂದದ್ದನ್ನು ಬಂದ ಕ್ರಮದಲ್ಲಿ ಕಿರ್ದಿಯಲ್ಲಿ ಗೀಚಿ, ಗಿರಾಕಿಗಳು ಹೋದ ಮೇಲೆ ಖತಾವಣಿಗೆ ಏರಿಸುತ್ತಾರೆ. ೧೯೯೬ರಲ್ಲಿ ಪ್ಯಾಟ್ರಿಕ್ ಓನೀಲ್ ಮತ್ತು ಸಂಗಡಿಗರು ಗಣಕಯಂತ್ರಕ್ಕೆ ಇದೇ ಪದ್ಧತಿಯನ್ನು ಶಾಸ್ತ್ರೀಯವಾಗಿ ರೂಪಿಸಿದರು. ಹೊಸ ನಮೂದುಗಳು ಮೊದಲು ಸ್ಮೃತಿಯಲ್ಲಿ ಕೂಡಿಕೊಳ್ಳುತ್ತವೆ, ಜೊತೆಗೆ ಕಿರ್ದಿಯಂಥ ಒಂದು ಕಡತದ ಕೊನೆಗೆ ಸೇರುತ್ತವೆ. ಸಾಕಷ್ಟು ಕೂಡಿದ ಮೇಲೆ ಕ್ರಮಪಡಿಸಿದ ಒಂದು ಕಂತೆಯಾಗಿ ತಟ್ಟೆಗೆ ಇಳಿಯುತ್ತವೆ. ಬಿಡುವಾದಾಗ ಕಂತೆಗಳು ಒಂದರೊಳಗೊಂದು ಬೆರೆಯುತ್ತವೆ. ಬಿಗ್‌ಟೇಬಲ್, ಕ್ಯಾಸಾಂಡ್ರಾ ಎರಡೂ ಈ ಬಳಗದವೇ. ಒಂದು ಎಚ್ಚರಿಕೆ ಮಾತ್ರ ಬೇಕು: ಒಂದೇ ಮೊದಲ ಭಾಗದ ಕೆಳಗೆ ಯಾದಿಯು ಮಿತಿಯಿಲ್ಲದೆ ಬೆಳೆದರೆ ಆ ಒಂದು ಯಂತ್ರವು ಬೆನ್ನುಮುರಿಯುತ್ತ ಉಳಿದವು ಸುಮ್ಮನೆ ಕೂರುತ್ತವೆ. ಅದಕ್ಕಾಗಿ 'ಖಾನಾಪುರ, ೨೦೧೯' ಎಂಬಂತೆ ವರ್ಷವನ್ನೂ ಮೊದಲ ಭಾಗಕ್ಕೆ ಸೇರಿಸುವುದುಂಟು.

ಇಲ್ಲಿಯವರೆಗೆ ತಂತಿಗಳೆಲ್ಲ ಸರಿಯಾಗಿವೆಯೆಂದು ಭಾವಿಸಿದ್ದೆವು. ಖಾನಾಪುರದ ಮಳೆಯನ್ನು ಬಲ್ಲವರು ಹಾಗೆ ಭಾವಿಸಲಾರರು. ಆಷಾಢದ ಒಂದು ದಿನ ಬೆಳಗಾವಿಗೂ ಖಾನಾಪುರಕ್ಕೂ ನಡುವಿನ ಸಂಪರ್ಕ ಕಡಿದುಹೋಯಿತೆನ್ನೋಣ. ಎರಡೂ ಊರುಗಳಲ್ಲಿ ಒಂದೇ ಉತಾರದ ಪ್ರತಿಗಳಿವೆ. ಖಾನಾಪುರದಲ್ಲಿ ವಾರಸಾದ ಪ್ರಕಾರ ಇಬ್ಬರು ಹೆಣ್ಣುಮಕ್ಕಳ ಹೆಸರುಗಳನ್ನು ಸೇರಿಸುತ್ತಾರೆ. ಅದೇ ದಿನ ಬೆಳಗಾವಿಯಲ್ಲಿ, ಸಾಲ ತೀರಿತೆಂದು ಬೋಜಾದ ಸಾಲನ್ನು ತೆಗೆದುಹಾಕುತ್ತಾರೆ. ಮೂರು ದಿನಗಳ ಮೇಲೆ ಸಂಪರ್ಕ ಕೂಡಿಕೊಂಡಾಗ ಎರಡು ಯಾದಿಗಳು ಎದುರುಬದುರಾಗಿ ನಿಲ್ಲುತ್ತವೆ. ಯಾವುದು ನಿಜ?

'ಕೊನೆಗೆ ಬರೆದದ್ದೇ ನಿಜ' ಎಂದರೆ ಹೆಣ್ಣುಮಕ್ಕಳ ಹೆಸರುಗಳು ಹೋಗುತ್ತವೆ, ಇಲ್ಲವೆ ಬೋಜಾ ಉಳಿಯುತ್ತದೆ. ಅಮೆಜಾನ್ ಸಂಸ್ಥೆಯವರು ೨೦೦೭ರಲ್ಲಿ ಪ್ರಕಟಿಸಿದ ಡೈನಮೋ ಎಂಬ ಭಂಡಾರದ ವಿವರಣೆಯಲ್ಲಿ ಇದೇ ಸಮಸ್ಯೆಯನ್ನು ಗಿರಾಕಿಯ ಖರೀದಿಬುಟ್ಟಿಯನ್ನು ಮುಂದಿಟ್ಟುಕೊಂಡು ಚರ್ಚಿಸಿದ್ದಾರೆ. ಅಲ್ಲಿ ಮೂರು ಪ್ರತಿಗಳಲ್ಲಿ ಎರಡು ಬರೆದರೆ ಬರವಣಿಗೆ ಆಯಿತೆಂದೂ, ಎರಡನ್ನು ಕೇಳಿದರೆ ಓದು ಆಯಿತೆಂದೂ ಸಾಮಾನ್ಯವಾಗಿ ಎಣಿಸುತ್ತಾರೆ. ಎರಡೂ ಎರಡೂ ಸೇರಿ ನಾಲ್ಕು, ಮೂರಕ್ಕಿಂತ ಹೆಚ್ಚಾದುದರಿಂದ ಓದಿದವುಗಳಲ್ಲಿ ಒಂದಾದರೂ ಹೊಸ ಬರವಣಿಗೆಯನ್ನು ಕಂಡಿರಲೇಬೇಕು. ಆದರೆ ಸಂಪರ್ಕ ಕಡಿದಾಗಲೂ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಬಾರದೆಂಬುದು ಅವರ ಸಂಕಲ್ಪ. ಹೀಗಾಗಿ ಎರಡು ಬುಟ್ಟಿಗಳು ಬೇರೆ ಬೇರೆಯಾಗಿ ಬೆಳೆದಿದ್ದರೆ ಎರಡನ್ನೂ ಇಟ್ಟುಕೊಂಡು, ಮುಂದೆ ಒಂದುಗೂಡಿಸುತ್ತಾರೆ. ಸೇರಿಸಿದ ವಸ್ತುವು ಎಂದಿಗೂ ಕಳೆದುಹೋಗುವುದಿಲ್ಲ. ಆದರೆ ತೆಗೆದುಹಾಕಿದ ವಸ್ತು ಕೆಲವೊಮ್ಮೆ ತಿರುಗಿ ಬರುತ್ತದೆಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಬುಟ್ಟಿಯಲ್ಲಿ ಬೇಡವಾದ ಪುಸ್ತಕವೊಂದು ಮತ್ತೆ ಕಾಣಿಸಿದರೆ ಗಿರಾಕಿಯು ನಕ್ಕು ತೆಗೆದುಹಾಕಬಹುದು. ತೀರಿಸಿದ ಬೋಜಾ ಉತಾರದಲ್ಲಿ ಮತ್ತೆ ಕಾಣಿಸಿದರೆ ಬಿತ್ತನೆಯ ಹೊತ್ತಿಗೆ ಹೊಸ ಸಾಲ ಸಿಗುವುದಿಲ್ಲ.

ತಪ್ಪಿನ ಮೂಲವು ತೆಗೆದುಹಾಕುವುದರಲ್ಲಿದೆ. ಇಲ್ಲದ ಸಾಲು ಎಂದೂ ಇರಲಿಲ್ಲವೊ, ಇದ್ದು ಅಳಿಯಿತೊ ಎಂಬುದು ಬರಿದಾದ ಜಾಗದಿಂದ ತಿಳಿಯದು. ಒಳ್ಳೆಯ ಲೆಕ್ಕಿಗನು ವಹಿಯಲ್ಲಿ ರಬ್ಬರಿನಿಂದ ಉಜ್ಜುವುದಿಲ್ಲ. ಓದಲು ಬರುವಂತೆ ಗೆರೆ ಹೊಡೆದು ಪಕ್ಕದಲ್ಲಿ ರುಜು ಹಾಕುತ್ತಾನೆ. ಗಣಕಯಂತ್ರದಲ್ಲಿಯೂ ಹಾಗೆಯೇ ಅಳಿಸುವಿಕೆಯೂ ಒಂದು ನಮೂದಾಗಬೇಕು. ಅದಕ್ಕೆ ಗೋರಿಕಲ್ಲು ಎಂದು ಹೆಸರು. ಯಾದಿಗಳನ್ನು ಕೂಡಿಸುವಾಗ ಗೋರಿಕಲ್ಲನ್ನು ಕಂಡ ನಮೂದು ತಲೆಯೆತ್ತುವುದಿಲ್ಲ. ಆದರೆ ಗೋರಿಕಲ್ಲುಗಳು ಎಂದೆಂದಿಗೂ ಇದ್ದರೆ ಸ್ಥಳ ಸಾಲದು. ಕ್ಯಾಸಾಂಡ್ರಾದಲ್ಲಿ, ಬೇರೆ ಹೇಳದಿದ್ದರೆ, ಅವು ೧೦ ದಿನ ಇದ್ದು ಆಮೇಲೆ ಕಿತ್ತುಹೋಗುತ್ತವೆ. ಹತ್ತು ದಿನಕ್ಕಿಂತ ಹೆಚ್ಚು ಕಾಲ ಬೇರ್ಪಟ್ಟಿದ್ದ ಯಂತ್ರವು ಹಳೆಯ ಸಾಲನ್ನು ಹೊತ್ತುಕೊಂಡು ಹಿಂದಿರುಗಿದರೆ, ಕಲ್ಲಿಲ್ಲದ ಕಾರಣ ಸತ್ತ ನಮೂದು ಎದ್ದು ಕೂರುತ್ತದೆ! ಆದುದರಿಂದ ಅಂಥ ಯಂತ್ರವನ್ನು ಹಾಗೆಯೇ ಒಳಗೆ ಸೇರಿಸದೆ, ಬರಿದುಮಾಡಿ ಉಳಿದ ಪ್ರತಿಗಳಿಂದ ತುಂಬಿಸಬೇಕು. ೨೦೧೯ರ ಆಗಸ್ಟಿನ ನೆರೆಯನ್ನು ಬೆಳಗಾವಿ ಜಿಲ್ಲೆಯಲ್ಲಿ ಕಂಡವರಿಗೆ ಹತ್ತು ದಿನವೆಂಬುದು ಬಹಳ ದೊಡ್ಡ ಅವಧಿಯಾಗಿ ತೋರಲಾರದು.

೨೦೧೧ರಲ್ಲಿ ಮಾರ್ಕ್ ಶಾಪಿರೊ ಮತ್ತು ಅವರ ಜೊತೆಗಾರರು ಈ ಅನುಭವಗಳಿಗೆ ಗಣಿತದ ರೂಪವನ್ನು ಕೊಟ್ಟರು. ಪ್ರತಿಯೊಂದು ನಮೂದಿಗೂ ಜಗತ್ತಿನಲ್ಲಿ ಬೇರೆಲ್ಲಿಯೂ ಇರದ ಹೆಸರಿರಬೇಕು. ಅಳಿಸುವಾಗ 'ಬೋಜಾವನ್ನು ಅಳಿಸು' ಎನ್ನದೆ 'ಇಂಥ ಹೆಸರಿನ ನಮೂದನ್ನು ಅಳಿಸು' ಎನ್ನಬೇಕು. ಕೂಡಿಸುವ ಕ್ರಿಯೆಯು ಯಾವ ಅನುಕ್ರಮದಲ್ಲಿ ಮಾಡಿದರೂ, ಎಷ್ಟು ಸಲ ಮಾಡಿದರೂ ಒಂದೇ ಫಲವನ್ನು ಕೊಡುವಂತಿರಬೇಕು. ಸದಿಶಗಳ ಸಂಕಲನದಲ್ಲಿ ಅನುಕ್ರಮವು ಮುಖ್ಯವಲ್ಲವೆಂಬುದು ನಮಗೆ ಗೊತ್ತು. ಆದರೆ ಅಲ್ಲಿ ಒಂದನ್ನೇ ಎರಡು ಸಲ ಕೂಡಿದರೆ ಉತ್ತರ ಬದಲಾಗುತ್ತದೆ. ಗಣಗಳ ಸಂಯೋಗದಲ್ಲಿ ಹಾಗಾಗದು. ಈ ಒಂದು ಗುಣದಿಂದಲೇ, ದಾರಿಯಲ್ಲಿ ಎರಡು ಸಲ ಬಂದ ಸುದ್ದಿಯು ಯಾದಿಯನ್ನು ಕೆಡಿಸುವುದಿಲ್ಲ.

ಉಳಿದದ್ದು 'ಮೊದಲು' ಮತ್ತು 'ಆಮೇಲೆ' ಎಂಬ ಮಾತುಗಳು. ಎರಡು ಊರಿನ ಗಡಿಯಾರಗಳು ಎಂದೂ ಸರಿಹೊಂ­ದುವುದಿಲ್ಲ. ೧೯೭೮ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬವರು ಗಡಿಯಾರವನ್ನು ಬಿಟ್ಟು, ಸುದ್ದಿಯು ಯಾರಿಂದ ಯಾರಿಗೆ ಹೋಯಿತೆಂಬುದರ ಮೇಲೆಯೇ ಹಿಂದುಮುಂದನ್ನು ಗೊತ್ತುಮಾಡುವ ಕ್ರಮವನ್ನು ತೋರಿಸಿದರು. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಲು ಸಾಧ್ಯವಿಲ್ಲದ ಎರಡು ಘಟನೆಗಳಲ್ಲಿ ಯಾವುದು ಮೊದಲೆಂಬ ಪ್ರಶ್ನೆಗೆ ಅರ್ಥವೇ ಇಲ್ಲವೆಂಬುದು ಐನ್‌ಸ್ಟೈನರ ವಿಶೇಷ ಸಾಪೇಕ್ಷತೆಯನ್ನು ಓದಿದವರಿಗೆ ಹಳೆಯ ಮಾತು. ತಮಗೂ ಈ ಆಲೋಚನೆಗೆ ಪ್ರೇರಣೆ ಅಲ್ಲಿಂದಲೇ ಬಂದಿತೆಂದು ಲ್ಯಾಂಪೋರ್ಟರು ಹೇಳಿದ್ದಾರೆ. ಭೌತವಿಜ್ಞಾನದ ಅಧ್ಯಾಪಕರಾದ ನಮಗೆ ಇದರಿಂದ ಸ್ವಲ್ಪ ಹೆಮ್ಮೆಯಾದರೆ ಓದುಗರು ಕ್ಷಮಿಸಬೇಕು.

ಇಷ್ಟೆಲ್ಲ ಜಾಣತನವಿದ್ದರೂ ಉತಾರದ ವಿಷಯದಲ್ಲಿ ನಾವು ಬುಟ್ಟಿಯ ದಾರಿಯನ್ನು ಒಪ್ಪುವುದಿಲ್ಲ. ಸಂಪರ್ಕ ಕಡಿದಾಗ, ಎಲ್ಲೆಡೆಯೂ ಒಂದೇ ಉತ್ತರವೆಂಬ ಖಾತರಿ, ಕೇಳಿದವರಿಗೆಲ್ಲ ಕೂಡಲೇ ಉತ್ತರವೆಂಬ ಸೌಕರ್ಯ, ಇವೆರಡರಲ್ಲಿ ಒಂದನ್ನು ಬಿಡಲೇಬೇಕೆಂದು ಎರಿಕ್ ಬ್ರೂಯರ್ ೨೦೦೦ದಲ್ಲಿ ಹೇಳಿದರು. ೨೦೦೨ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಅದನ್ನು ಗಣಿತದಿಂದ ಸಾಧಿಸಿದರು. ಹೊಲದ ಹಕ್ಕಿನಲ್ಲಿ ಸೌಕರ್ಯವನ್ನೇ ಬಿಡಬೇಕು. ಕಣಕುಂಬಿಯಂಥ ಊರಿನಿಂದ ಮಳೆಯಲ್ಲಿ ಬಸ್ಸು ಹಿಡಿದು ಬಂದವರಿಗೆ 'ಇಂದು ಆಗುವುದಿಲ್ಲ, ನಾಳೆ ಬನ್ನಿ' ಎಂದರೆ ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಆದರೆ ಒಂದೇ ಹೊಲಕ್ಕೆ ಎರಡು ಉತಾರಗಳು ಹೊರಬಿದ್ದರೆ ನ್ಯಾಯಾಲಯದಲ್ಲಿ ಎಷ್ಟು ವರ್ಷ ಹೋಗುವುವೆಂಬುದನ್ನು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಈ ದೃಷ್ಟಿಯಿಂದ ನೋಡಿದರೆ 'ಭೂಮಿ'ಯ ಮೊದಲ ವರ್ಷಗಳ ಏರ್ಪಾಡು ಸರಳವಾಗಿದ್ದರೂ ವಿವೇಕದ್ದಾಗಿತ್ತು. ಪ್ರತಿಯೊಂದು ತಾಲೂಕಿನ ದಾಖಲೆಯೂ ಆ ತಾಲೂಕು ಕಚೇರಿಯ ಯಂತ್ರದಲ್ಲಿಯೇ ಇರುತ್ತಿತ್ತು. ಖಾನಾಪುರ ತಾಲೂಕಿನ ಸರ್ವೆ ನಂಬರನ್ನು ತಿದ್ದುವ ಅಧಿಕಾರ ಖಾನಾಪುರದಲ್ಲಿ ಮಾತ್ರ. ಬೆರಳಚ್ಚನ್ನು ಒತ್ತಿದ ಅಧಿಕಾರಿಯ ಕೈಯಿಂದ ಮಾತ್ರ. ಒಂದು ಕೀಲಿಕೈಗೆ ಒಬ್ಬನೇ ಯಜಮಾನ. ಬರೆಯುವವರು ಇಬ್ಬರಿಲ್ಲದಿದ್ದಲ್ಲಿ ಮೇಲೆ ಹೇಳಿದ ಜಗಳವೇ ಹುಟ್ಟುವುದಿಲ್ಲ. ಆ ಯಂತ್ರ ನಿಂತರೆ ತಾಲೂಕು ನಿಲ್ಲುತ್ತಿತ್ತೆಂಬುದು ಅದಕ್ಕೆ ತೆತ್ತ ಬೆಲೆ. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದ ಮೇಲೂ, ಯಾವ ಹೊಲವನ್ನು ಯಾವ ತಾಲೂಕಿನವರು ತಿದ್ದಬೇಕೆಂಬ ಕಟ್ಟು ಹಾಗೆಯೇ ಉಳಿಯಿತು.

ಮರುವಾರ ಆ ವಿದ್ಯಾರ್ಥಿಯನ್ನು ಕರೆದು, ಉತಾರದ ೧೦ನೆಯ ಕಾಲಮನ್ನು ನೋಡಲು ಹೇಳಿದೆವು. ಹಕ್ಕು ಯಾವ ರೀತಿಯಿಂದ ಬಂದಿತೆಂಬುದನ್ನೂ, ಅದು ಯಾವ ಹಕ್ಕು ಬದಲಾವಣೆಯ ಸಂಖ್ಯೆಯಿಂದ ದಾಖಲಾಯಿತೆಂಬುದನ್ನೂ ಅಲ್ಲಿ ಬರೆದಿರುತ್ತದೆ. ನಮೂದಿನ ಹೆಸರೆಂದು ನಾವು ಹೇಳಿದ್ದು ಅದೇ. ೯ನೆಯ ಕಾಲಮಿನಿಂದ ಹೆಸರು ಜಾರಿ ಬಿದ್ದರೂ, ಆ ಸಂಖ್ಯೆಯನ್ನು ಹಿಡಿದು ಮೂಲದ ನಮೂದನ್ನು ಹೊರತೆಗೆಸಬಹುದು. ಅವನು ಬೆರಳಿಟ್ಟು ಒಂದೊಂದೇ ಸಾಲನ್ನು ಓದುತ್ತ ಹೋಗಿ, ಇಬ್ಬರು ಅತ್ತೆಯರ ಹೆಸರಿನ ಮುಂದೆಯೂ ಸಂಖ್ಯೆ ಇರುವುದನ್ನು ಕಂಡು, ಅದನ್ನು ತನ್ನ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡನು.